ರಾಕ್ ಮೇಳಗಳನ್ನು ಉಳಿಸಿದ್ದು ಟೇಪು ಮತ್ತು ಕ್ಯಾಮೆರಾ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ರಾಕ್ ಗಿಟಾರ್ ವಾದಕರ ಕುರಿತು ಈಚೆಗೆ ಬಂದ ಲೇಖನವನ್ನು ಎರಡು ಸಲ ಓದಿದೆ. ಆ ವಾದಕರ ಪ್ರಭಾವ ಇಂದಿಗೂ ಅಳಿದಿಲ್ಲ ಎಂಬ ಲೇಖಕರ ಮಾತಿಗೆ ನನ್ನ ತಕರಾರಿಲ್ಲ. ಆದರೆ ಅವರು ಆ ಪ್ರಭಾವವನ್ನೆಲ್ಲ ನಾಲ್ಕೈದು ಮಂದಿಯ ಬೆರಳಿಗೆ ಕಟ್ಟಿ, ಸಂಗೀತ ಮೇಳಗಳನ್ನು ಕೆಸರು, ಗಲಾಟೆ, ಕಸ ಎಂದು ಒಂದೇ ಉಸಿರಿನಲ್ಲಿ ಮುಗಿಸಿಬಿಟ್ಟಿದ್ದಾರೆ. ಮೇಳಗಳಿಲ್ಲದಿದ್ದರೆ ಆ ಬೆರಳುಗಳ ಸುದ್ದಿ ಊರು ದಾಟುತ್ತಿರಲಿಲ್ಲ. ಮೇಳಗಳನ್ನು ಯಾರೋ ಟೇಪಿಗೂ ಫಿಲ್ಮಿಗೂ ಹಿಡಿದಿಡದಿದ್ದರೆ ತಲೆಮಾರು ದಾಟುತ್ತಿರಲಿಲ್ಲ. ಈ ಎರಡನೆಯ ಮಾತು ನಮ್ಮ ನಾಡಿಗೂ ಸಂಬಂಧಿಸಿದ್ದೆಂದು ತೋರಿದ್ದರಿಂದ ಪತ್ರ ಉದ್ದವಾಗಿದೆ. ಜಾಗ ಸಾಲದಿದ್ದರೆ ಕತ್ತರಿಸುವ ಹಕ್ಕು ನಿಮ್ಮದು.

1962ರಲ್ಲಿ ಜರ್ಮನಿಯ ಇಬ್ಬರು ಸಂಘಟಕರು ಬ್ಲೂಸ್ ಎಂಬ ತಮ್ಮ ಜನಪದ ಸಂಗೀತವನ್ನು ನುಡಿಸುವ ಅಮೆರಿಕದ ಕಪ್ಪು ಸಂಗೀತಗಾರರನ್ನು ಒಟ್ಟುಗೂಡಿಸಿ, ‘ಅಮೆರಿಕನ್ ಫೋಕ್ ಬ್ಲೂಸ್ ಫೆಸ್ಟಿವಲ್’ ಎಂಬ ಸಂಚಾರಿ ಮೇಳವನ್ನು ಯುರೋಪಿನಲ್ಲಿ ಊರೂರು ತಿರುಗಿಸಿದರು. ಆ ಅಕ್ಟೋಬರಿನಲ್ಲಿ ಅದು ಮ್ಯಾಂಚೆಸ್ಟರಿನ ಫ್ರೀ ಟ್ರೇಡ್ ಹಾಲಿಗೆ ಬಂದಾಗ, ಲಂಡನ್ನಿನಿಂದ ಅಷ್ಟು ದೂರ ಬಂದು ಪ್ರೇಕ್ಷಕರ ನಡುವೆ ಕೂತ ಹುಡುಗರಲ್ಲಿ ಮಿಕ್ ಜಾಗರ್, ಕೀತ್ ರಿಚರ್ಡ್ಸ್, ಬ್ರಿಯಾನ್ ಜೋನ್ಸ್ ಮತ್ತು ಜಿಮ್ಮಿ ಪೇಜ್ ಇದ್ದರು. ಮೊದಲ ಮೂವರು ರೋಲಿಂಗ್ ಸ್ಟೋನ್ಸ್ ತಂಡದವರಾದರು, ನಾಲ್ಕನೆಯವರು ಮುಂದೆ ಲೆಡ್ ಝೆಪೆಲಿನ್ ಎಂಬ ರಾಕ್ ತಂಡ ಕಟ್ಟಿದರು. ಅದುವರೆಗೆ ಗ್ರಾಮಫೋನ್ ತಟ್ಟೆಯಲ್ಲಿ ಕೇಳಿ ಊಹಿಸಿಕೊಂಡಿದ್ದನ್ನು ಅವರು ಅಂದು ಕಣ್ಣಾರೆ ಕಂಡರು. ಕೇಳಿ ಕಲಿಯುವುದೇ ಬೇರೆ, ಎದುರಿಗೆ ಕೂತು ಕೈ ನೋಡಿ ಕಲಿಯುವುದೇ ಬೇರೆ ಎಂಬುದನ್ನು ವೀಣೆ ಕಲಿತವರಿಗೆ ಬಿಡಿಸಿ ಹೇಳಬೇಕಿಲ್ಲ. ತಂತಿಯನ್ನು ಮೆಟ್ಟಿನ ಮೇಲೆ ಅಡ್ಡಕ್ಕೆ ಎಳೆದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಬ್ಲೂಸ್ ವಾದಕರ ಕೈಚಳಕ ನಮ್ಮ ಗಮಕಕ್ಕೆ ದೂರದ ನೆಂಟ. ಅದು ಎಷ್ಟು ಎಳೆತ, ಎಲ್ಲಿ ಬಿಡುವು ಎಂಬುದು ತಟ್ಟೆಯಿಂದ ತಿಳಿಯುವುದಿಲ್ಲ.

ಇದರ ಎರಡು ವರ್ಷದ ನಂತರ, 1964ರ ಮೇ ತಿಂಗಳಲ್ಲಿ, ಅದೇ ಮ್ಯಾಂಚೆಸ್ಟರಿನಲ್ಲಿ ನಡೆದದ್ದನ್ನು ನನ್ನ ಮಟ್ಟಿಗೆ ಉಳಿದೆಲ್ಲ ಮೇಳಗಳಿಗಿಂತ ಮುಂದೆ ಇಡುತ್ತೇನೆ. ರೈಲು ನಿಲ್ಲುವುದು ನಿಂತುಹೋಗಿದ್ದ ಒಂದು ನಿಲ್ದಾಣವನ್ನು ಗ್ರನಾಡಾ ಟೆಲಿವಿಷನ್ನಿನವರು ವೇದಿಕೆಯಾಗಿ ಸಿಂಗರಿಸಿದರು. ಪ್ರೇಕ್ಷಕರು ಒಂದು ಪ್ಲಾಟ್‌ಫಾರಂನಲ್ಲಿ, ಕಲಾವಿದರು ಎದುರಿನದರಲ್ಲಿ, ನಡುವೆ ಹಳಿ. ಮಳೆ ಸುರಿಯುತ್ತಿತ್ತು. ಸುಮಾರು ಐವತ್ತರ ಪ್ರಾಯದ ಸಿಸ್ಟರ್ ರೊಸೆಟ್ಟಾ ಥಾರ್ಪ್ ಎಂಬ ಹೆಂಗಸು ಕುದುರೆಗಾಡಿಯಿಂದ ಇಳಿದು, ದಪ್ಪ ಕೋಟು ತೊಟ್ಟ ಹೆಗಲಿಗೆ ಎಲೆಕ್ಟ್ರಿಕ್ ಗಿಟಾರ್ ಏರಿಸಿಕೊಂಡು, ಮಳೆಯನ್ನೇ ಕುರಿತ ಒಂದು ಭಕ್ತಿಗೀತೆಯನ್ನು ಎತ್ತಿಕೊಂಡರು. ಅವರ ನುಡಿಸಾಣಿಕೆಯಲ್ಲಿ ಮುಂದೆ ರಾಕ್ ಎನಿಸಿಕೊಂಡ ಬಹುಪಾಲು ಆಗಲೇ ಇತ್ತು. ಚರ್ಚಿನ ಹಾಡುಗಾರಿಕೆಗೆ ಇಂಥ ಗಿಟಾರನ್ನು ಅವರು 1930ರ, 40ರ ದಶಕಗಳಲ್ಲೇ ಬೆರೆಸಿದ್ದರು. 1973ರಲ್ಲಿ ಅವರು ತೀರಿಕೊಂಡಾಗ ಗೋರಿಗೊಂದು ಕಲ್ಲೂ ಇರಲಿಲ್ಲ, ಬಹುಕಾಲ ಹಾಗೆಯೇ ಉಳಿಯಿತು. ರಾಕ್ ಸಂಗೀತದ ದೊಡ್ಡವರನ್ನು ಗೌರವಿಸುವ ‘ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್’ಗೆ ಅವರ ಹೆಸರು ಸೇರಿದ್ದು 2018ರಲ್ಲಿ. ಈ ನಡುವೆ ಅವರನ್ನು ಹೊಸಬರ ಕಣ್ಣಿಗೆ ಮತ್ತೆ ಮತ್ತೆ ತಂದು ನಿಲ್ಲಿಸಿದವುಗಳಲ್ಲಿ ಆ ಮಳೆಯ ದಿನದ ಕಪ್ಪುಬಿಳುಪು ಚಿತ್ರಣ ಮುಖ್ಯವಾದುದು. ಮಳೆಗೆ ಹೆದರಿ ಆ ತಂಡ ಕ್ಯಾಮೆರಾಗಳಿಗೆ ಟಾರ್ಪಾಲು ಹೊದಿಸಿ ಮನೆಗೆ ಹೋಗಿದ್ದರೆ ನಾನೀಗ ಈ ಸಾಲುಗಳನ್ನು ಬರೆಯುತ್ತಿರಲಿಲ್ಲ.

1967ರ ಜೂನ್ 16ರಿಂದ 18ರವರೆಗೆ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ನಡೆದ ಮೇಳದ ಬಗ್ಗೆ ಲೇಖಕರು ನೆನೆದದ್ದು ಜಿಮಿ ಹೆಂಡ್ರಿಕ್ಸ್ ತಮ್ಮ ಗಿಟಾರಿಗೆ ಬೆಂಕಿ ಹಚ್ಚಿದ ಗಳಿಗೆಯನ್ನು ಮಾತ್ರ. ಆ ದೃಶ್ಯ ನನಗೂ ಇಂದಿಗೂ ಹಿಡಿಸಿಲ್ಲ. ನವರಾತ್ರಿಯಲ್ಲಿ ವೀಣೆಗೆ ಹೂವಿಟ್ಟು ಕೈಮುಗಿದು, ವಿಜಯದಶಮಿಯ ದಿನ ಮತ್ತೆ ಕೈಗೆತ್ತಿಕೊಳ್ಳುವ ಮನೆಯಲ್ಲಿ ಬೆಳೆದವನಿಗೆ ವಾದ್ಯವನ್ನು ಸುಡುವುದು ಹೇಗೆ ಒಪ್ಪಿಗೆಯಾದೀತು? ಅದೇ ಮೇಳಕ್ಕೆ ಬಂದಿದ್ದ ಪಂಡಿತ್ ರವಿಶಂಕರ್ ಅವರಿಗೂ ಅದು ಸಹಿಸಲಾರದ ನೋವು ತಂದಿತ್ತು, ಅದನ್ನವರು ಮುಂದೆ ಅನೇಕ ಸಲ ಹೇಳಿಕೊಂಡರು. ಆದರೆ ಆ ಭಾನುವಾರದ ಮಧ್ಯಾಹ್ನವನ್ನು ಬಿಟ್ಟು ಬರೀ ರಾತ್ರಿಯ ಬೆಂಕಿಯನ್ನು ಹೇಳಿದರೆ ಅರ್ಧ ಕಥೆಯಾಗುತ್ತದೆ. ಮಧ್ಯಾಹ್ನ ರವಿಶಂಕರ್ ಅವರ ಸಿತಾರ್, ಅಲ್ಲಾ ರಖಾ ಅವರ ತಬಲಾ, ಕಮಲಾ ಚಕ್ರವರ್ತಿ ಅವರ ತಂಬೂರಿ ಸೇರಿ ಗಂಟೆಗಟ್ಟಲೆ ನಡೆದ ಕಛೇರಿಯನ್ನು ಆ ರಾಕ್ ಪ್ರೇಕ್ಷಕರು ಅಲುಗದೆ ಕೇಳಿದರು. ಮಿಕ್ಕ ಕಲಾವಿದರೆಲ್ಲ ಸಂಭಾವನೆ ಇಲ್ಲದೆ ನುಡಿಸಿದ ಆ ಮೇಳದಲ್ಲಿ ಹಣ ಪಡೆದವರು ರವಿಶಂಕರ್ ಒಬ್ಬರೇ, 3,000 ಡಾಲರ್. ಡಿ.ಎ. ಪೆನ್ನೆಬೇಕರ್ ಆ ಮೇಳದ ಬಗ್ಗೆ ಮಾಡಿದ ಚಿತ್ರವು ಬೆಂಕಿಯಲ್ಲಿ ಮುಗಿಯುವುದಿಲ್ಲ. ಅದರ ಕೊನೆಯ ಹದಿನೈದು ನಿಮಿಷಕ್ಕೂ ಹೆಚ್ಚು ಕಾಲ ಪೂರ್ತಿ ಸಿತಾರ್ ಮತ್ತು ತಬಲಾಕ್ಕೆ ಮೀಸಲು, ಕೇಳುಗರ ಸಾಲಿನಲ್ಲಿ ಹೆಂಡ್ರಿಕ್ಸ್ ಕೂಡ ಕಾಣುತ್ತಾರೆ. ಇಂಥ ಒಂದು ಮಧ್ಯಾಹ್ನವನ್ನು ಗಲಾಟೆ ಎಂದು ತಳ್ಳಿಹಾಕುವುದು ನ್ಯಾಯವಲ್ಲ.

ಹೆಂಡ್ರಿಕ್ಸ್ ಅವರ ವಿಷಯದಲ್ಲಿ ಇನ್ನೂ ಒಂದು ಮಾತಿದೆ. ಸಿಯಾಟಲ್‌ನಲ್ಲಿ 1942ರಲ್ಲಿ ಹುಟ್ಟಿ, ಅಮೆರಿಕದಲ್ಲಿ ಇತರರ ತಂಡಗಳಲ್ಲಿ ಹಿಂದೆ ನಿಂತು ನುಡಿಸುತ್ತಿದ್ದ ಅವರಿಗೆ ಹೆಸರು ಬಂದದ್ದು 1966ರಲ್ಲಿ ಲಂಡನ್ನಿಗೆ ಹೋದ ಮೇಲೆ. ತಾಯ್ನಾಡು ಅವರನ್ನು ಗುರುತಿಸಿದ್ದು ಮಾಂಟೆರೆಯ ಮೇಳದಿಂದ, ಆ ಮೇಳಕ್ಕೆ ಅವರ ಹೆಸರು ಸೂಚಿಸಿದವರು ಬೀಟಲ್ಸ್ ತಂಡದ ಪಾಲ್ ಮ್ಯಾಕಾರ್ಟ್ನಿ. ಬಲಗೈಯವರಿಗಾಗಿ ಮಾಡಿದ ಗಿಟಾರನ್ನು ತಲೆಕೆಳಗು ಹಿಡಿದು, ತಂತಿಗಳನ್ನು ತಮಗೆ ಬೇಕಾದ ಕ್ರಮಕ್ಕೆ ಬದಲಿಸಿಕೊಂಡು ನುಡಿಸುತ್ತಿದ್ದ ಎಡಚರು ಅವರು. ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗೆ ಅಯಸ್ಕಾಂತಕ್ಕೆ ತಾಮ್ರದ ಎಳೆ ಸುತ್ತಿದ ಪಿಕಪ್ ಇರುತ್ತದೆ. ಉಕ್ಕಿನ ತಂತಿ ನಡುಗಿದಂತೆ ಆ ಸುರುಳಿಯಲ್ಲಿ ವಿದ್ಯುತ್ತು ನಡುಗುತ್ತದೆ, ಆಂಪ್ಲಿಫೈಯರ್ ಅದನ್ನು ಹಿಗ್ಗಿಸಿ ಸ್ಪೀಕರಿಗೆ ಕಳಿಸುತ್ತದೆ. ಸ್ಪೀಕರಿಗೆ ತೀರ ಹತ್ತಿರ ನಿಂತರೆ ಅದರ ಸದ್ದೇ ತಂತಿಯನ್ನು ಮತ್ತೆ ನಡುಗಿಸಿ, ಅದು ಮತ್ತೆ ಸ್ಪೀಕರಿಗೆ ಹೋಗಿ, ನಿಲ್ಲದ ಒಂದು ಊಳು ಹುಟ್ಟುತ್ತದೆ. ಮದುವೆ ಮನೆಯಲ್ಲಿ ಮೈಕು ಕುಂಯ್ಯೆಂದು ಎಲ್ಲರೂ ಕಿವಿ ಮುಚ್ಚಿಕೊಳ್ಳುವುದು ಇದೇ ದೋಷದಿಂದ. ಹೆಂಡ್ರಿಕ್ಸ್ ಆ ದೋಷವನ್ನೇ ಸ್ವರಸ್ಥಾನಕ್ಕೆ ಹಿಡಿದು ನಿಲ್ಲಿಸಿದರು. ಸ್ಪೀಕರಿನಿಂದ ಅರ್ಧ ಹೆಜ್ಜೆ ಹಿಂದೆ ಸರಿದು ಒಂದು ಸ್ವರವನ್ನೂ, ಮೈ ತಿರುಗಿಸಿ ಇನ್ನೊಂದನ್ನೂ ಪಡೆಯುತ್ತಿದ್ದರು. ಇದಕ್ಕೆ ಭಾರೀ ಸ್ಪೀಕರುಗಳ ಗೋಡೆ ಬೇಕು, ಅಷ್ಟು ಸದ್ದನ್ನು ತಾಳುವಂಥ ಬಯಲು ಬೇಕು. ದಿವಾನಖಾನೆಯಲ್ಲಿ ಈ ಕಲೆ ಬೆಳೆಯುತ್ತಿರಲಿಲ್ಲ ಎಂಬುದು ನನ್ನ ಅನಿಸಿಕೆ.

ವುಡ್‌ಸ್ಟಾಕ್ ಮೇಳ ಆರಂಭವಾದದ್ದು 1969ರ ಆಗಸ್ಟ್ 15ರಂದು, ನ್ಯೂಯಾರ್ಕ್ ರಾಜ್ಯದ ಬೆಥೆಲ್‌ನಲ್ಲಿ, ಮ್ಯಾಕ್ಸ್ ಯಾಸ್ಗರ್ ಎಂಬ ಹೈನುಗಾರರ ಹೊಲದಲ್ಲಿ. ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಎಂಬುದು ಎಲ್ಲರೂ ಹೇಳುವ ಅಂದಾಜು. ಕೆಸರಿನ ಮಾತು ಸುಳ್ಳಲ್ಲ. ಮೊದಲ ರಾತ್ರಿ ಮಳೆಯಲ್ಲೇ ನುಡಿಸಿದ ರವಿಶಂಕರ್ ಅವರಿಗೆ ಆ ಜನಸ್ತೋಮ ಕೆಸರಿನಲ್ಲಿ ಮಲಗಿದ ಎಮ್ಮೆಗಳನ್ನು ನೆನಪಿಸಿತ್ತಂತೆ. ಮಾದಕ ವಸ್ತುಗಳ ಮಾತೂ ಸುಳ್ಳಲ್ಲ. ಶನಿವಾರ ಮಧ್ಯಾಹ್ನ ನುಡಿಸಿದ ಕಾರ್ಲೋಸ್ ಸಂತಾನ, ಅಮಲಿನಲ್ಲಿ ಗಿಟಾರಿನ ಕತ್ತು ತಮ್ಮ ಕೈಯಲ್ಲಿ ಹಾವಿನಂತೆ ಹೊರಳುತ್ತಿತ್ತೆಂದು ತಾವೇ ಹೇಳಿಕೊಂಡಿದ್ದಾರೆ. ಇದರಲ್ಲಿ ಹೆಮ್ಮೆಪಡುವಂಥದ್ದು ಏನೂ ಇಲ್ಲ. ಆದರೆ ಅವರ ತಂಡದ ಮೊದಲ ಧ್ವನಿಮುದ್ರಿಕೆ ಆಗಿನ್ನೂ ಅಂಗಡಿಗೆ ಬಂದಿರಲಿಲ್ಲ, ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ಬಿಟ್ಟರೆ ಅವರನ್ನು ಬಲ್ಲವರೇ ಕಡಿಮೆ. ಆ ಒಂದು ಮಧ್ಯಾಹ್ನ ಅವರನ್ನು ದೇಶಕ್ಕೆ ಪರಿಚಯಿಸಿತು, ಮರುವರ್ಷ ಬಂದ ಚಲನಚಿತ್ರ ಜಗತ್ತಿಗೆ ಪರಿಚಯಿಸಿತು.

ಭಾನುವಾರ ರಾತ್ರಿ ಮುಗಿಯಬೇಕಿದ್ದ ಮೇಳ ಮಳೆಯಿಂದ ಎಳೆದಾಡಿ, ಹೆಂಡ್ರಿಕ್ಸ್ ವೇದಿಕೆಗೆ ಬಂದಾಗ ಸೋಮವಾರ ಬೆಳಕು ಹರಿದು ಬಿಸಿಲೇರಿತ್ತು. ಜನರಲ್ಲಿ ಬಹುಪಾಲು ಕೆಲಸಕ್ಕೋ ಮನೆಗೋ ಹೊರಟುಹೋಗಿದ್ದರು. ಒದ್ದೆ ಕಂಬಳಿಗಳೂ ಕಸವೂ ಹರಡಿದ್ದ ಇಳಿಜಾರಿನಲ್ಲಿ ಅಲ್ಲಲ್ಲಿ ಗುಂಪುಗಳು ಉಳಿದಿದ್ದವು. ಇಷ್ಟು ಜನರ ಎದುರು ಅವರು ಅಮೆರಿಕದ ರಾಷ್ಟ್ರಗೀತೆಯನ್ನು ಮಾತಿಲ್ಲದೆ ಬರೀ ಗಿಟಾರಿನಲ್ಲಿ ನುಡಿಸಿದರು. ಗೀತೆಯಲ್ಲಿ ರಾಕೆಟ್ಟು, ಬಾಂಬುಗಳ ಮಾತು ಬರುವಲ್ಲಿ ಅವರ ಗಿಟಾರು ಹಾಡುವುದನ್ನು ಬಿಟ್ಟು ಚೀರಿತು, ಕುಸಿಯಿತು, ಸೈರನ್ನಿನಂತೆ ಕೂಗಿ ಮತ್ತೆ ಗೀತೆಯ ಧಾಟಿಗೆ ಮರಳಿತು. ವಿಯೆಟ್ನಾಂ ಯುದ್ಧದ ಕಾಲ ಅದು, ನುಡಿಸುತ್ತಿದ್ದವರೂ ಹಿಂದೆ ಸೇನೆಯ ಪ್ಯಾರಾಚೂಟ್ ದಳದಲ್ಲಿದ್ದವರು. ಮರುತಿಂಗಳು ಟೆಲಿವಿಷನ್ ಸಂದರ್ಶನದಲ್ಲಿ ಈ ಬಗ್ಗೆ ಪ್ರಶ್ನೆ ಬಂದಾಗ, ಅದು ತಮಗೆ ಸುಂದರವೆನಿಸಿತು ಎಂದಷ್ಟೇ ಅವರು ಉತ್ತರಿಸಿದರು.

ಆ ಬೆಳಿಗ್ಗೆ ಹೊಲದಲ್ಲಿ ಉಳಿದವರು ಮಾತ್ರ ಅದನ್ನು ಕೇಳಿದ್ದರೆ ಅದು ಕೆಲವರ ನೆನಪಾಗಿ, ಆಮೇಲೆ ಬಾಯಿಮಾತಾಗಿ, ಕೊನೆಗೆ ಉತ್ಪ್ರೇಕ್ಷೆಯಾಗಿ ಕರಗಿಹೋಗುತ್ತಿತ್ತು. ಎಡ್ಡಿ ಕ್ರೇಮರ್ ಎಂಬ ಧ್ವನಿಮುದ್ರಣಕಾರರು ನಿದ್ದೆಗೆಟ್ಟು, ವೇದಿಕೆಯ ಪಕ್ಕದ ವಾಹನವೊಂದರಲ್ಲಿ ಎಂಟು ಟ್ರ್ಯಾಕಿನ ಯಂತ್ರದ ಮುಂದೆ ಕೂತಿದ್ದರು. ಮೈಕೆಲ್ ವಾಡ್ಲಿ ಅವರ ಕ್ಯಾಮೆರಾ ತಂಡ ನಾಲ್ಕನೆಯ ದಿನವೂ ಕೆಲಸ ಬಿಟ್ಟಿರಲಿಲ್ಲ. 1970ರಲ್ಲಿ ತೆರೆಕಂಡ ಅವರ ಚಿತ್ರಕ್ಕೆ ಸಾಕ್ಷ್ಯಚಿತ್ರ ವಿಭಾಗದ ಆಸ್ಕರ್ ಬಂತು. ಹೊಲದಲ್ಲಿದ್ದವರಿಗಿಂತ ಎಷ್ಟೋ ಪಾಲು ಹೆಚ್ಚು ಜನ ವುಡ್‌ಸ್ಟಾಕ್ ನೋಡಿದ್ದು ಚಿತ್ರಮಂದಿರಗಳ ಕತ್ತಲಿನಲ್ಲಿ. ನಾನಂತೂ ಅದನ್ನು ಮೊದಲು ಕೇಳಿದ್ದು ಮೈಸೂರಿನಲ್ಲಿ, ಯಾರೋ ಯಾರಿಂದಲೋ ನಕಲು ಮಾಡಿಸಿಕೊಂಡಿದ್ದ ತೊಂಬತ್ತು ನಿಮಿಷದ ಕ್ಯಾಸೆಟ್ಟಿನ ಎರಡನೆಯ ಬದಿಯಲ್ಲಿ. ನಕಲಿನ ನಕಲಾದ್ದರಿಂದ ಗಿಟಾರಿಗಿಂತ ಸುಯ್ ಸದ್ದೇ ಮುಂದಿತ್ತು. ಚೀರುವ ಭಾಗ ಬಂದಾಗ ಟೇಪು ಸಿಕ್ಕಿಕೊಂಡಿತೆಂದು ಗಾಬರಿಯಾಗಿ ಗುಂಡಿ ಒತ್ತಿ ನಿಲ್ಲಿಸಿದ್ದು ನೆನಪಿದೆ.

ಮೇಳಗಳ ಪ್ರಭಾವ ಹೇಗೆ ಕೈಯಿಂದ ಕೈಗೆ ಸಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಮುಂದಿನ ಕಥೆಯೇ ಸಾಕ್ಷಿ. 1962ರ ಮ್ಯಾಂಚೆಸ್ಟರ್ ಸಭೆಯಲ್ಲಿ ಕೂತಿದ್ದ ಜಿಮ್ಮಿ ಪೇಜ್, 1970ರ ಬೇಸಿಗೆಯಲ್ಲಿ ಬಾತ್ ಬ್ಲೂಸ್ ಮೇಳದಲ್ಲಿ ಲೆಡ್ ಝೆಪೆಲಿನ್ ತಂಡದೊಂದಿಗೆ ನುಡಿಸಿದರು. ಅದನ್ನು ಕಂಡು ಮರುಳಾದ ಮೈಕೆಲ್ ಈವಿಸ್ ಎಂಬ ಇನ್ನೊಬ್ಬ ಹೈನುಗಾರರು, ಇದನ್ನು ನಮ್ಮ ಹೊಲದಲ್ಲೂ ಮಾಡಬಹುದಲ್ಲ ಎಂದುಕೊಂಡರು. ಅದೇ ಆಗಸ್ಟ್ ಕೊನೆಯಲ್ಲಿ ಐಲ್ ಆಫ್ ವೈಟ್ ದ್ವೀಪದ ಮೇಳಕ್ಕೆ ನುಗ್ಗಿದ ಜನಸಾಗರದಿಂದ ದಿಗಿಲುಬಿದ್ದ ಬ್ರಿಟಿಷ್ ಸಂಸತ್ತು, ಐದು ಸಾವಿರಕ್ಕೂ ಹೆಚ್ಚು ಜನ ರಾತ್ರಿ ಸೇರಲು ಅಲ್ಲಿ ಪರವಾನಗಿ ಬೇಕೆಂದು 1971ರಲ್ಲಿ ಕಾಯ್ದೆಯನ್ನೇ ಮಾಡಿತು. ಆ ದ್ವೀಪದಲ್ಲಿ ನುಡಿಸಿದ ಹೆಂಡ್ರಿಕ್ಸ್ ಸೆಪ್ಟೆಂಬರ್ 18ರಂದು ಲಂಡನ್ನಿನಲ್ಲಿ, ಇಪ್ಪತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡರು. ಮರುದಿನವೇ, 1970ರ ಸೆಪ್ಟೆಂಬರ್ 19ರಂದು, ಈವಿಸ್ ತಮ್ಮ ವರ್ದಿ ಫಾರ್ಮಿನಲ್ಲಿ ಮೊದಲ ಮೇಳ ನಡೆಸಿದರು. ಟಿಕೆಟ್ಟಿಗೆ ಒಂದು ಪೌಂಡ್, ಬಂದವರಿಗೆ ಹಾಲು ಪುಕ್ಕಟೆ, ಸೇರಿದವರು ಸಾವಿರದೈನೂರು. ಇಂದು ಆ ಮೇಳದ ಹೆಸರು ಗ್ಲಾಸ್ಟನ್‌ಬರಿ ಎಂದರೆ ಎಲ್ಲರಿಗೂ ಗೊತ್ತು. ಕೆಲವು ವರ್ಷಗಳಿಗೊಮ್ಮೆ ಹುಲ್ಲುಗಾವಲು ಸುಧಾರಿಸಿಕೊಳ್ಳಲೆಂದು ಮೇಳಕ್ಕೆ ರಜೆ ಕೊಡುವ ರೂಢಿ ಅಲ್ಲಿದೆ. ಕಸದ ಚಿಂತೆ ಇರುವವರು ಇದನ್ನೂ ಗಮನಿಸಬಹುದು.

ಈ ಸರಪಳಿಯ ಒಂದು ಕೊಂಡಿ ಕನ್ನಡದ್ದು. ಮೈಸೂರಿನಲ್ಲಿ ಬೆಳೆದು, ಶಿಶುನಾಳ ಷರೀಫರ ಪದಗಳನ್ನು ಗಿಟಾರಿಗೆ ಕೂಡಿಸಿ ಹಾಡುತ್ತ ಬಂದ ರಘು ದೀಕ್ಷಿತ್, 2011ರಲ್ಲಿ ತಮ್ಮ ತಂಡದೊಂದಿಗೆ ಗ್ಲಾಸ್ಟನ್‌ಬರಿಯಲ್ಲಿ ಹಾಡಿದರು. ಹೊರಗಿನ ವಾದ್ಯ ನಮ್ಮದಾಗುವುದು ನಮಗೆ ಹೊಸದೇನಲ್ಲ. ಕದ್ರಿ ಗೋಪಾಲನಾಥರ ಕಿವಿಗೆ ಸ್ಯಾಕ್ಸೋಫೋನ್ ಬಿದ್ದದ್ದು ಮೈಸೂರು ಅರಮನೆಯ ಬ್ಯಾಂಡಿನಿಂದ, ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿ ಅವರು 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಮೇಳದಲ್ಲಿ ನುಡಿಸಿದರು. ಇಬ್ಬರ ಸಾಧನೆಯೂ ಕಡತಗಳಲ್ಲಿ ಭದ್ರವಾಗಿರುವುದಕ್ಕೆ ಅವರು ಹೋದ ಮೇಳಗಳ ದಾಖಲೆಯ ಶಿಸ್ತೂ ಒಂದು ಕಾರಣ.

ಇಲ್ಲಿ ನನ್ನದೇ ಒಂದು ಅನುಭವವನ್ನು ಹೇಳದೆ ಪತ್ರ ಮುಗಿಸಲಾರೆ. 1980ರ ದಶಕದ ಆರಂಭದಲ್ಲಿ ನಾನು ಓದುತ್ತಿದ್ದ ಕಾಲೇಜಿನಲ್ಲಿ ಗಿಟಾರ್ ನುಡಿಸುವ ಸಹಪಾಠಿಯೊಬ್ಬನಿದ್ದ. ಎಲೆಕ್ಟ್ರಿಕ್ ಗಿಟಾರ್ ಕೊಳ್ಳುವಷ್ಟು ಹಣ ಇರಲಿಲ್ಲವಾದ್ದರಿಂದ, ಹಳೆಯ ಟೆಲಿಫೋನ್ ರಿಸೀವರಿನೊಳಗಿನ ಅಯಸ್ಕಾಂತದ ತುಂಡನ್ನು ಬಿಚ್ಚಿ, ಮರದ ಗಿಟಾರಿನ ತೂತಿಗೆ ಅಡ್ಡಲಾಗಿ ಅಂಟಿಸಿ, ಅದರ ತಂತಿಯನ್ನು ಮನೆಯ ವಾಲ್ವ್ ರೇಡಿಯೋದ ಹಿಂಬದಿಯಲ್ಲಿದ್ದ ಗ್ರಾಮಫೋನ್ ತೂತಿಗೆ ಸಿಕ್ಕಿಸಿದ್ದ. ವಾರ್ಷಿಕೋತ್ಸವದ ದಿನ ಆ ರೇಡಿಯೋವನ್ನು ಸೈಕಲ್ ಕ್ಯಾರಿಯರಿಗೆ ಕಟ್ಟಿ, ನಾನು ಹಿಂದಿನಿಂದ ಹಿಡಿದುಕೊಂಡು, ಇಬ್ಬರೂ ನಡೆದೇ ತಂದೆವು. ವಾಲ್ವುಗಳು ಕಾಯುವವರೆಗೆ ಸಭೆ ನಗುತ್ತಿತ್ತು. ಆಮೇಲೆ ಇಪ್ಪತ್ತು ನಿಮಿಷ ಅವನು ನುಡಿಸಿದ್ದನ್ನು ವಿವರಿಸುವ ಶಕ್ತಿ ನನಗಿಲ್ಲ. ಮೋಹನ ರಾಗದಂತೆ ತೊಡಗಿ ಎಲ್ಲಿಗೋ ಹೋಯಿತು. ಸದ್ದು ಏರಿಸಿದಾಗ ರೇಡಿಯೋದ ಮರದ ಪೆಟ್ಟಿಗೆಯೇ ಊಳಿಡತೊಡಗಿತು, ಅವನು ಅದರತ್ತ ತಿರುಗಿ ನಿಂತು ಆ ಊಳನ್ನು ಪಂಚಮಕ್ಕೆ ತಂದು ನಿಲ್ಲಿಸಿದ. ಅಂದು ವೇದಿಕೆಯ ಮೇಲೊಂದು ಒಳ್ಳೆಯ ಟೇಪ್ ರೆಕಾರ್ಡರ್ ಇತ್ತು. ಮುಖ್ಯ ಅತಿಥಿಗಳ ನಲವತ್ತು ನಿಮಿಷದ ಭಾಷಣವನ್ನು ಅದು ಪೂರ್ತಿ ಹಿಡಿದಿತ್ತು. ವಂದನಾರ್ಪಣೆ ಮುಗಿದ ಕೂಡಲೇ ಟೇಪು ಉಳಿಸಬೇಕೆಂದು ಅದನ್ನು ಆರಿಸಿ, ಪೆಟ್ಟಿಗೆಗೆ ಹಾಕಿ ಬೀಗ ಜಡಿದರು. ಗಿಟಾರ್ ಕಾರ್ಯಕ್ರಮ ಇದ್ದದ್ದು ವಂದನಾರ್ಪಣೆಯ ನಂತರ. ಆ ಗೆಳೆಯ ಆಮೇಲೆ ಗಿಟಾರ್ ಬಿಟ್ಟು ಸಂಸಾರಕ್ಕೆ ಬಿದ್ದ, ಈಗ ಇಲ್ಲ. ಅವನು ಹೇಗೆ ನುಡಿಸುತ್ತಿದ್ದ ಎಂದು ಅವನ ಮಕ್ಕಳು ಕೇಳಿದರೆ ತೋರಿಸಲು ನನ್ನ ಬಳಿ ಏನೂ ಇಲ್ಲ.

ಬೆಂಗಳೂರು ಭಾರತದ ರಾಕ್ ಸಂಗೀತದ ತವರುಗಳಲ್ಲೊಂದು. ಅರಮನೆ ಮೈದಾನಕ್ಕೆ 2002ರಲ್ಲಿ ರೋಜರ್ ವಾಟರ್ಸ್, 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬಂದುಹೋದರು. ಅವರ ಚಿಂತೆ ನಮಗೆ ಬೇಡ, ಅವರನ್ನು ಜಗತ್ತೇ ದಾಖಲಿಸಿದೆ. ನನ್ನ ಚಿಂತೆ, ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ ನಡೆಯುತ್ತ ಬಂದ ‘ಫ್ರೀಡಂ ಜಾಮ್’ನಂಥ ಉಚಿತ ಮೇಳಗಳಲ್ಲಿ, ಇಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ಹಬ್ಬಗಳಲ್ಲಿ ನುಡಿಸಿ ಮರೆಯಾದ ನಮ್ಮ ಹುಡುಗ ಹುಡುಗಿಯರದ್ದು. ಅವರ ಕ್ಯಾಸೆಟ್ಟುಗಳೂ ಹ್ಯಾಂಡಿಕ್ಯಾಮ್ ಟೇಪುಗಳೂ ಮನೆಗಳ ಅಟ್ಟದಲ್ಲಿವೆ. ನಮ್ಮ ಮಳೆಗಾಲದ ತೇವಕ್ಕೆ ಅವು ಬೂಸ್ಟು ಹಿಡಿಯುತ್ತಿವೆ, ಅವನ್ನು ಓಡಿಸುವ ಯಂತ್ರಗಳು ಗುಜರಿ ಸೇರುತ್ತಿವೆ. ಮೊಬೈಲಿನಲ್ಲಿ ಎಲ್ಲರೂ ಚಿತ್ರೀಕರಿಸುವ ಈ ಕಾಲದಲ್ಲಿ ಇದೇನು ಹೊಸ ಗೋಳು ಎಂದು ಕೇಳುವವರು, ಐದು ವರ್ಷದ ಹಿಂದಿನ ತಮ್ಮ ಫೋನಿನ ವಿಡಿಯೊ ಈಗ ಎಲ್ಲಿದೆ ಎಂದು ಒಮ್ಮೆ ಹುಡುಕಿ ನೋಡಲಿ.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಎರಡು. ಇಂಥ ಕಾರ್ಯಕ್ರಮಗಳಿಗೆ ಹೋದ ನಿಮ್ಮ ಛಾಯಾಗ್ರಾಹಕರು ತೆಗೆದು, ಅಚ್ಚಾಗದೆ ಉಳಿದ ಚಿತ್ರಗಳು ನಿಮ್ಮ ಕಚೇರಿಯ ಕಪಾಟಿನಲ್ಲಿ ಇದ್ದೇ ಇರುತ್ತವೆ. ಅವುಗಳನ್ನು ವರ್ಷ, ಸ್ಥಳ, ನುಡಿಸಿದವರ ಹೆಸರು ಸಮೇತ ಪುರವಣಿಯಲ್ಲಿ ವಾರಕ್ಕೊಂದರಂತೆ ಪ್ರಕಟಿಸಿ; ಹೆಸರು ತಿಳಿಯದಲ್ಲಿ ಓದುಗರನ್ನು ಕೇಳಿ, ಅವರು ಬರೆಯುತ್ತಾರೆ. ಜೊತೆಗೆ ಹಳೆಯ ಟೇಪುಗಳನ್ನು ಪಡೆದು ಡಿಜಿಟಲ್ ಪ್ರತಿ ಮಾಡಿ, ಮೂಲವನ್ನು ಮಾಲೀಕರಿಗೆ ಮರಳಿಸುವ ವ್ಯವಸ್ಥೆಯೊಂದನ್ನು ಸಂಗೀತ ಅಕಾಡೆಮಿಯೋ ವಿಶ್ವವಿದ್ಯಾಲಯವೋ ಕೈಗೆತ್ತಿಕೊಳ್ಳುವಂತೆ ನಿಮ್ಮ ಸಂಪಾದಕೀಯದಲ್ಲಿ ಒತ್ತಾಯಿಸಿ. ನನ್ನ ಬಳಿ ಹಳೆಯ ಕಾಲೇಜು ಮೇಳಗಳ ಹನ್ನೊಂದು ಕ್ಯಾಸೆಟ್ಟುಗಳಿವೆ. ಅವುಗಳಲ್ಲಿ ಎರಡು ಈಗಾಗಲೇ ಓಡುವುದಿಲ್ಲ, ಉಳಿದ ಒಂಬತ್ತನ್ನು ಎಂದು ಕರೆದರೂ ತಂದುಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಹಳೆಯ ಓದುಗ, ಮೈಸೂರು